ಗುಡ್ಡ ಜಾರಿದ ಮೇಲೆ: ಒಂದು ಮಳೆಗಾಲದಿಂದ ಮುಂದಿನ ಮಳೆಗಾಲದವರೆಗೆ ಮನಸ್ಸಿನ ಚೇತರಿಕೆಗೆ ಮಾರ್ಗದರ್ಶಿ

ರಸ್ತೆ ಅಪಘಾತದಲ್ಲಿ ಬದುಕುಳಿದವರು ಬೇಕೆಂದರೆ ಆ ತಿರುವನ್ನು ಬಿಟ್ಟು ಬೇರೆ ದಾರಿಯಲ್ಲಿ ಓಡಾಡಬಹುದು. ಆದರೆ 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲ, ಕಾಲೂರು ಭಾಗಗಳಲ್ಲಿ ಗುಡ್ಡಗಳು ಜಾರಿದ್ದನ್ನು ಕಣ್ಣಾರೆ ಕಂಡವರಿಗೆ, 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹಾಗೂ ಅದೇ ತಿಂಗಳ 30ರಂದು ಗಡಿಯಾಚೆಯ ವಯನಾಡಿನಲ್ಲಿ ತಮ್ಮವರನ್ನು ಕಳೆದುಕೊಂಡವರಿಗೆ ಅಂಥ ಅನುಕೂಲವಿಲ್ಲ. ಜೂನ್ ಬಂದರೆ ಮಳೆ ಬರುತ್ತದೆ, ಹೆಂಚಿನ ಮೇಲೆ ಅದೇ ಸದ್ದು ಶುರುವಾಗುತ್ತದೆ, ಹಸಿ ಮಣ್ಣಿನ ಅದೇ ವಾಸನೆ ಏಳುತ್ತದೆ. ಘಟ್ಟದ ಮಗ್ಗುಲಲ್ಲಿ ಬದುಕುವವರ ಮಾನಸಿಕ ಚೇತರಿಕೆಯನ್ನು ಮಳೆಗಾಲದ ಲೆಕ್ಕವಿಟ್ಟುಕೊಂಡೇ ಯೋಜಿಸಬೇಕು ಎಂಬುದು ಈ ಲೇಖನದ ಮುಖ್ಯ ವಾದ. ಮುಂದಿನ ಮಳೆ ಬರುವುದರೊಳಗೆ ಯಾವ ಕೆಲಸವನ್ನು ಯಾವಾಗ ಮಾಡಬೇಕು, ಯಾವುದನ್ನು ಮಾಡಬಾರದು, ಯಾರ ನೆರವು ಎಲ್ಲಿ ಸಿಗುತ್ತದೆ ಎಂಬುದನ್ನು ಸಂತ್ರಸ್ತರಿಗೂ ಅವರ ಜೊತೆಗಿರುವ ಮನೆಯವರಿಗೂ ಅನುಕೂಲವಾಗುವಂತೆ ಇಲ್ಲಿ ಕ್ರಮವಾಗಿ ಹೇಳಲಾಗಿದೆ. ನೆರೆ, ಬೆಂಕಿ, ಅಪಘಾತ ಅಥವಾ ಹಲ್ಲೆಯನ್ನು ಎದುರಿಸಿದವರಿಗೂ ಇದರ ಬಹುಪಾಲು ಹಾಗೆಯೇ ಅನ್ವಯಿಸುತ್ತದೆ.

ಮೊದಲ ಹೆಜ್ಜೆ: ಮೊದಲ ಮೂರು ನಾಲ್ಕು ದಿನ

ಪರಿಹಾರ ಕೇಂದ್ರಕ್ಕೆ ಬಂದಿಳಿದವರಿಗೆ ಮೊದಲ ದಿನ ಬೇಕಾಗುವುದು ಆಪ್ತಸಮಾಲೋಚನೆಯಲ್ಲ. ಒಣಗಿದ ಬಟ್ಟೆ, ಬಿಸಿ ಊಟ, ಬಾಗಿಲು ಹಾಕಿಕೊಳ್ಳಲಾಗುವ ಶೌಚಾಲಯ, ದಿನವೂ ತೆಗೆದುಕೊಳ್ಳುವ ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ, ಮೊಬೈಲ್ ಚಾರ್ಜ್ ಮಾಡಲು ಒಂದು ಪ್ಲಗ್, ಕಾಣೆಯಾದವರ ಬಗ್ಗೆ ನಂಬಬಹುದಾದ ಸುದ್ದಿ, ಇವೇ ಆ ಹೊತ್ತಿನ ಮಾನಸಿಕ ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೂ ನೋಡು, ಆಲಿಸು, ಜೋಡಿಸು ಎಂಬ ಮೂರೇ ಕೆಲಸಗಳನ್ನು ಹೇಳುತ್ತದೆ. ಯಾರು ತೀರಾ ಕಂಗೆಟ್ಟಿದ್ದಾರೆಂದು ನೋಡುವುದು, ಅವರು ಹೇಳಿದಷ್ಟನ್ನು ಕೇಳಿಸಿಕೊಳ್ಳುವುದು, ಅವರಿಗೆ ಬೇಕಾದ ನೆರವಿನೊಂದಿಗೆ ಮತ್ತು ಅವರ ಜನರೊಂದಿಗೆ ಅವರನ್ನು ಜೋಡಿಸುವುದು. ಇದಕ್ಕೆ ಮನೋವೈದ್ಯರೇ ಬೇಕಾಗಿಲ್ಲ. ಆಶಾ ಕಾರ್ಯಕರ್ತೆ, ಶಾಲಾ ಶಿಕ್ಷಕರು, ಪಕ್ಕದ ಊರಿನ ಯುವಕ ಸಂಘದವರು ಇದನ್ನು ಚೆನ್ನಾಗಿ ಮಾಡಬಲ್ಲರು.

ಈ ದಿನಗಳಲ್ಲಿ ಮಾಡಬಾರದ ಒಂದು ಕೆಲಸವೆಂದರೆ ಎಲ್ಲರನ್ನೂ ಸುತ್ತ ಕೂರಿಸಿ, ಏನೇನು ನೋಡಿದಿರಿ, ಆಗ ಏನನ್ನಿಸಿತು ಎಂದು ಒಬ್ಬೊಬ್ಬರ ಬಾಯಿಂದಲೂ ಹೇಳಿಸುವುದು. ಹೀಗೆ ಒಂದೇ ಸಲ ಎಲ್ಲವನ್ನೂ ಹೊರಹಾಕಿಸಿದರೆ ಮನಸ್ಸು ಹಗುರಾಗುತ್ತದೆಂಬ ನಂಬಿಕೆ ಹಿಂದೆ ವೈದ್ಯಲೋಕದಲ್ಲೂ ಇತ್ತು. ಆದರೆ ಇದರಿಂದ ಮುಂದಿನ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗುತ್ತದೆ ಎಂಬುದು ಅಧ್ಯಯನಗಳಿಂದ ಸ್ಪಷ್ಟವಾದ ಮೇಲೆ ಈ ಪದ್ಧತಿಯನ್ನು ಶಿಫಾರಸು ಮಾಡುವುದನ್ನು ನಿಲ್ಲಿಸಲಾಗಿದೆ. ಹೇಳಬೇಕೆನ್ನಿಸಿದವರು ಹೇಳಲಿ, ಸುಮ್ಮನಿರಬೇಕೆನ್ನಿಸಿದವರು ಸುಮ್ಮನಿರಲಿ. ಟೀವಿ ಕ್ಯಾಮೆರಾದ ಮುಂದೆ ಅದೇ ಕಥೆಯನ್ನು ಐದಾರು ಸಲ ಹೇಳಿಸುವವರನ್ನು ಕೇಂದ್ರದ ಬಾಗಿಲಲ್ಲೇ ತಡೆಯುವುದು ಅಲ್ಲಿನ ಉಸ್ತುವಾರಿ ಹೊತ್ತವರ ಕರ್ತವ್ಯವೆಂದು ನಾನು ಭಾವಿಸುತ್ತೇನೆ. ಹಾಗೆಯೇ ಗುಡ್ಡ ಕುಸಿಯುವ ವಿಡಿಯೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಮತ್ತೆ ನೋಡುವುದನ್ನು ಮನೆಯವರೇ ಮೆಲ್ಲನೆ ತಪ್ಪಿಸಬೇಕು.

ಮಾತಾಡುವ ರೀತಿಯನ್ನೂ ಸ್ವಲ್ಪ ಗಮನಿಸಬೇಕು. 'ಆಗಿದ್ದು ಆಯಿತು, ಮರೆತುಬಿಡು', 'ನಿನ್ನ ಪುಣ್ಯ, ಜೀವ ಉಳಿಯಿತಲ್ಲ', 'ಅಳಬೇಡ, ಮಕ್ಕಳ ಮುಖ ನೋಡಿ ಗಟ್ಟಿಯಾಗು' ಎಂಬ ಮಾತುಗಳನ್ನು ನಾವು ಒಳ್ಳೆಯ ಮನಸ್ಸಿನಿಂದಲೇ ಆಡುತ್ತೇವೆ. ಕೇಳುವವರಿಗೆ ಮಾತ್ರ ಅದು ಬಾಯಿ ಮುಚ್ಚಿಕೋ ಎಂದಂತೆ ಕೇಳಿಸುತ್ತದೆ. ಅದಕ್ಕಿಂತ 'ನಾನು ಇಲ್ಲೇ ಇರುತ್ತೇನೆ', 'ಈಗ ಏನು ಬೇಕು ಹೇಳು', 'ರಾತ್ರಿ ನಿದ್ದೆ ಬಂತೇ' ಎಂಬ ಸಾದಾ ಮಾತುಗಳೇ ಹೆಚ್ಚು ಉಪಕಾರಿ. ಸುಮ್ಮನೆ ಪಕ್ಕದಲ್ಲಿ ಕೂತು ಕಾಫಿ ಕುಡಿದು ಬಂದರೂ ತಪ್ಪೇನಿಲ್ಲ.

ಎರಡನೆಯ ಹೆಜ್ಜೆ: ಮೊದಲ ತಿಂಗಳಲ್ಲಿ ದೇಹವನ್ನು ಶಾಂತಗೊಳಿಸುವುದು

ನಮ್ಮಲ್ಲಿ ಆಘಾತ ಮೊದಲು ದೇಹದಲ್ಲಿ ಮಾತಾಡುತ್ತದೆ. ಎದೆ ಡವಡವ ಎನ್ನುವುದು, ಕೈಕಾಲು ಜುಮ್ಮೆನ್ನುವುದು, ತಲೆ ಭಾರ, ಹೊಟ್ಟೆಯಲ್ಲಿ ಸಂಕಟ, ಊಟ ಸೇರದಿರುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಇವೆಲ್ಲ ಮೊದಲ ವಾರಗಳಲ್ಲಿ ಸಹಜ. ಜೀವಾಪಾಯದ ಹೊತ್ತಿನಲ್ಲಿ ಓಡಲು ಅಥವಾ ಹೋರಾಡಲು ದೇಹ ತಾನೇ ಹೊತ್ತಿಸಿಕೊಂಡ ಎಚ್ಚರ ಅಪಾಯ ಕಳೆದ ಮೇಲೂ ಕೂಡಲೇ ಆರುವುದಿಲ್ಲ. ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ಇದು ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಸಂತ್ರಸ್ತರಿಗೆ ಬಿಡಿಸಿ ಹೇಳಬೇಕು. ತನಗೆ ಹುಚ್ಚು ಹಿಡಿಯುತ್ತಿದೆಯೇ ಎಂಬ ಭಯವೇ ಅನೇಕರಿಗೆ ಮೂಲ ಭಯಕ್ಕಿಂತ ದೊಡ್ಡದಾಗಿರುತ್ತದೆ. ಹೆದರಿಕೆಗೆ ತಾಯತ ಕಟ್ಟಿಸುವುದನ್ನೋ ದೈವದ ಮುಂದೆ ನಿಲ್ಲಿಸುವುದನ್ನೋ ಮನೆಯವರು ಬಯಸಿದರೆ ಅದಕ್ಕೆ ಅಡ್ಡಿಪಡಿಸುವ ಅಗತ್ಯವಿಲ್ಲ. ಹೊಡೆಯುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ಇರಬಾರದು, ವೈದ್ಯರ ಬಳಿ ಹೋಗುವುದನ್ನು ಅದು ತಡೆಯಬಾರದು, ಅಷ್ಟೇ.

ಅಭ್ಯಾಸಗಳಲ್ಲಿ ಮೊದಲನೆಯದು ಉಸಿರು. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಬೇಕು. ಉಸಿರು ಬಿಡುವ ಹೊತ್ತು ಎಳೆದುಕೊಳ್ಳುವ ಹೊತ್ತಿಗಿಂತ ಉದ್ದವಾಗಿರುವುದು ಇಲ್ಲಿನ ಗುಟ್ಟು, ಏಕೆಂದರೆ ಉಸಿರು ಬಿಡುವಾಗಲೇ ಎದೆಬಡಿತ ಇಳಿಯುವುದು. ಬೆಳಿಗ್ಗೆ ಮತ್ತು ಮಲಗುವ ಮುನ್ನ ಐದೈದು ನಿಮಿಷ, ಗಾಬರಿ ಇಲ್ಲದಿರುವಾಗಲೇ, ಇದನ್ನು ರೂಢಿಸಿಕೊಳ್ಳಬೇಕು. ಗಾಬರಿಯ ಹೊತ್ತಿನಲ್ಲಿ ಹೊಸದಾಗಿ ಕಲಿಯಲು ಹೋದರೆ ಬರುವುದಿಲ್ಲ.

ಎರಡನೆಯದು, ಕಣ್ಣ ಮುಂದೆ ಆ ದೃಶ್ಯ ಇದ್ದಕ್ಕಿದ್ದಂತೆ ಎದ್ದು ನಿಂತಾಗ ಈ ಕ್ಷಣಕ್ಕೆ ಹಿಂತಿರುಗುವ ಅಭ್ಯಾಸ. ಎರಡೂ ಪಾದಗಳನ್ನು ನೆಲಕ್ಕೆ ಊರಿ ಕೂತು, ಕಾಣುವ ಐದು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಬೇಕು: ಕಿಟಕಿ, ಒಲೆ, ಕ್ಯಾಲೆಂಡರ್, ನೀರಿನ ಬಿಂದಿಗೆ, ಬಾಗಿಲ ಬಳಿಯ ಕೊಡೆ. ಅನಂತರ ಮುಟ್ಟಬಲ್ಲ ನಾಲ್ಕು, ಕೇಳಿಸುವ ಮೂರು, ಮೂಗಿಗೆ ತಟ್ಟುವ ಎರಡು, ನಾಲಿಗೆಗೆ ಸಿಗುವ ಒಂದು. ಒಂದು ಕಾಳುಮೆಣಸನ್ನೋ ಏಲಕ್ಕಿಯನ್ನೋ ಜೇಬಿನಲ್ಲಿಟ್ಟುಕೊಂಡು ಈ ಹೊತ್ತಿನಲ್ಲಿ ಕಚ್ಚಿದರೆ ಆ ಖಾರ, ಆ ಘಮ ಮನಸ್ಸನ್ನು ಬೇಗ ಎಳೆದು ತರುತ್ತವೆ. ಕೊನೆಗೆ ಇಂದಿನ ತಾರೀಖು, ವಾರ ಮತ್ತು ತಾನು ಎಲ್ಲಿದ್ದೇನೆ ಎಂಬುದನ್ನು ಹೇಳಿಕೊಳ್ಳಬೇಕು. 'ಇಂದು ಮಂಗಳವಾರ, ಇದು ತಂಗಿಯ ಮನೆ, ಅದು ಆಗಸ್ಟ್‌ನಲ್ಲಿ ಆದದ್ದು' ಎಂಬ ವಾಕ್ಯಕ್ಕೆ ಕೆಲಸ ಮಾಡುವ ಶಕ್ತಿ ಇದೆ.

ನಿದ್ದೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ರಾತ್ರಿ ಸಂಭವಿಸಿದ ಕುಸಿತದಿಂದ ಪಾರಾದವರು ಕತ್ತಲೆಯಲ್ಲಿ ಮಲಗಲು ಹೆದರುತ್ತಾರೆ, ಯಾರಾದರೊಬ್ಬರು ಎದ್ದಿರಲೇಬೇಕೆಂದು ಹಟ ಹಿಡಿಯುತ್ತಾರೆ. ಹಾಗಿದ್ದಲ್ಲಿ ಮೊದಲ ಕೆಲವು ವಾರ ಮನೆಯವರು ಸರದಿಯಲ್ಲಿ ಎಚ್ಚರವಿದ್ದು, ಸಣ್ಣ ದೀಪ ಉರಿಯಲು ಬಿಡುವುದು ಯೋಗ್ಯ. ಕೆಟ್ಟ ಕನಸಿನಿಂದ ಎದ್ದವರು ಹಾಸಿಗೆಯಲ್ಲೇ ಹೊರಳಾಡದೆ ಎದ್ದು ಮುಖ ತೊಳೆದು, ನೀರು ಕುಡಿದು, ಮೈ ಹಿಡಿತಕ್ಕೆ ಬಂದ ಮೇಲೆ ಮಲಗಲಿ. ಮದ್ಯ ನಿದ್ದೆ ಬರಿಸುತ್ತದೆ, ಆದರೆ ಆ ನಿದ್ದೆ ನಡುರಾತ್ರಿಯಲ್ಲಿ ಒಡೆಯುತ್ತದೆ ಮತ್ತು ಭಯ ಕರಗುವ ಸಹಜ ಕ್ರಿಯೆಯನ್ನೇ ಕೆಡಿಸುತ್ತದೆ. ಮನೆ, ತೋಟ, ಕೆಲಸ ಮೂರನ್ನೂ ಒಟ್ಟಿಗೆ ಕಳೆದುಕೊಂಡ ಗಂಡಸರು ಕುಡಿತಕ್ಕೆ ಜಾರುವುದನ್ನು ಪುನರ್ವಸತಿಯ ಕೆಲಸ ಮಾಡುವವರು ಮೊದಲ ತಿಂಗಳಿನಿಂದಲೇ ಗಮನಿಸಬೇಕು. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರುವ ಆಲ್ಪ್ರಜೋಲಾಮ್, ಕ್ಲೋನಜೆಪಾಮ್‌ನಂಥ ಮಾತ್ರೆಗಳೂ ಹಾಗೆಯೇ. ಅವು ಬೇಗ ಚಟವಾಗುತ್ತವೆ, ಆಘಾತದ ತೊಂದರೆಯನ್ನು ಗುಣಪಡಿಸುವುದಿಲ್ಲ.

ಮೂರನೆಯ ಹೆಜ್ಜೆ: ತಿಂಗಳು ಕಳೆದ ಮೇಲೆ ಒಮ್ಮೆ ಪರಿಶೀಲಿಸುವುದು

ಘಟನೆಯಾಗಿ ಒಂದು ತಿಂಗಳು ತುಂಬಿದಾಗ ಪ್ರತಿಯೊಬ್ಬ ವಯಸ್ಕರೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು. ಆ ದೃಶ್ಯ ಬೇಡವೆಂದರೂ ಹಗಲಲ್ಲೋ ಕನಸಲ್ಲೋ ಮರುಕಳಿಸುತ್ತಿದೆಯೇ? ಅದನ್ನು ನೆನಪಿಸುವ ಜಾಗ, ಮಾತು, ಜನರನ್ನು ತಪ್ಪಿಸಲು ದಿನಚರಿಯನ್ನೇ ಬದಲಿಸಿಕೊಂಡಿದ್ದೇನೆಯೇ? ತಪ್ಪೆಲ್ಲ ನನ್ನದೇ, ಇನ್ನು ಯಾವುದರಲ್ಲೂ ಅರ್ಥವಿಲ್ಲ, ಯಾರೂ ನನ್ನವರಲ್ಲ ಎನ್ನಿಸುತ್ತಿದೆಯೇ? ನಿದ್ದೆಗೇಡು, ಸಿಡುಕು, ಬೆಚ್ಚಿಬೀಳುವುದು ಕಡಿಮೆಯಾಗದೆ ನಿಂತಿದೆಯೇ? ಈ ನಾಲ್ಕೂ ಬಗೆಯ ತೊಂದರೆಗಳು ಒಂದು ತಿಂಗಳಿಗೂ ಮೀರಿ ಉಳಿದು, ದುಡಿಮೆಗೂ ಸಂಸಾರಕ್ಕೂ ಅಡ್ಡಿಯಾದರೆ ಅದನ್ನು ವೈದ್ಯರು ಆಘಾತೋತ್ತರ ಒತ್ತಡದ ಕಾಯಿಲೆ ಎಂದು ಗುರುತಿಸುತ್ತಾರೆ. ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಗೆ ಈ ಹೆಸರು ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದವರ ಸಂಕಟವನ್ನು ಕಂಡ ಮೇಲೆ. ಕೆಲವರಲ್ಲಿ ಪೂರ್ಣ ಲಕ್ಷಣಗಳು ಆರು ತಿಂಗಳ ನಂತರ ತೋರುವುದೂ ಉಂಟು. ಘಟ್ಟದಲ್ಲಿ ಅದು ಬೇಸಿಗೆ ಮುಗಿಯುತ್ತಾ ಬಂದು ಮುಂಗಾರಿನ ಮೊದಲ ಗುಡುಗು ಕೇಳಿಸುವ ಹೊತ್ತೂ ಆಗಿರಬಹುದು.

ಒಂದು ತಿಂಗಳವರೆಗೂ ಕಾಯಬಾರದ ಸಂದರ್ಭಗಳೂ ಇವೆ. ಸಾಯುವ ಮಾತಾಡುವುದು, ಸತ್ತವರ ಬಳಿ ಹೋಗುತ್ತೇನೆನ್ನುವುದು, ಕೀಟನಾಶಕ ಅಥವಾ ಹಗ್ಗವನ್ನು ಹುಡುಕುವುದು, ಊಟ ನೀರನ್ನು ಪೂರಾ ಬಿಡುವುದು, ಇಲ್ಲದ ದನಿಗಳನ್ನು ಕೇಳಿ ಉತ್ತರಿಸುವುದು, ಮಗುವನ್ನು ನೋಡಿಕೊಳ್ಳಲಾಗದಷ್ಟು ಮಂಕಾಗುವುದು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕೀಟನಾಶಕದ ಡಬ್ಬಿಗಳನ್ನು ತೋಟದ ಮನೆಯಿಂದ ತೆಗೆದು ಬೀಗ ಹಾಕಿಡಬೇಕು, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು. ಆತ್ಮಹತ್ಯೆಯ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಬೇಡ. ಕೇಳಿದವರಿಗೆ ಉತ್ತರ ಸಿಗುತ್ತದೆ, ಹೇಳಿದವರಿಗೆ ಭಾರ ಇಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ನೆರವು ಎಲ್ಲಿ, ಚಿಕಿತ್ಸೆ ಎಂಥದು

ಮೊದಲ ಬಾಗಿಲು ದೂರವಾಣಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಹಣ ಕೊಡದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಅಗತ್ಯವಿದ್ದರೆ ಅಲ್ಲಿಂದ ಮನೋವೈದ್ಯರಿಗೆ ಜೋಡಿಸುತ್ತಾರೆ. ಎರಡನೆಯದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ. ಇದರ ತಂಡ ಜಿಲ್ಲಾ ಕೇಂದ್ರದಲ್ಲಿರುತ್ತದೆ, ನಿಗದಿತ ದಿನಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತದೆ. ಯಾವ ತಾಲ್ಲೂಕಿಗೆ ಯಾವ ದಿನ ಎಂಬುದನ್ನು ಆಶಾ ಕಾರ್ಯಕರ್ತೆಯ ಮೂಲಕ ಮೊದಲೇ ವಿಚಾರಿಸಿಕೊಂಡರೆ ಒಂದು ದಿನದ ಕೂಲಿ ಉಳಿಯುತ್ತದೆ. ಕೊಡಗಿನವರಿಗೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆ ಹತ್ತಿರ. ತೀರಾ ಕಠಿಣವಾದ ಪ್ರಕರಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ವಿಪತ್ತಿನಲ್ಲಿ ಬದುಕುಳಿದವರ ಮನಸ್ಸಿನ ಬಗ್ಗೆ ಈ ಸಂಸ್ಥೆಗೆ ದೀರ್ಘ ಅನುಭವವಿದೆ: 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ ಬೆಂಕಿಯಲ್ಲಿ ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಅಧ್ಯಯನದಿಂದ ಹಿಡಿದು, 1984ರ ಭೋಪಾಲ್, 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿಯವರೆಗೆ ಅಲ್ಲಿನ ತಜ್ಞರು ಕೆಲಸ ಮಾಡಿದ್ದಾರೆ. ಊರಿನವರನ್ನೇ ತರಬೇತುಗೊಳಿಸಿ ಮನೆಮನೆಗೆ ಕಳಿಸುವ ಕ್ರಮ ನಮ್ಮ ದೇಶದಲ್ಲಿ ಬೆಳೆದದ್ದು ಈ ಅನುಭವಗಳಿಂದಲೇ.

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಮಾತಿನ ಚಿಕಿತ್ಸೆ. ಆಘಾತದ ನೆನಪನ್ನೇ ಕೇಂದ್ರವಾಗಿಟ್ಟುಕೊಂಡು ಯೋಚನೆ, ನಡವಳಿಕೆಗಳನ್ನು ತಿದ್ದುವ ಅರಿವು ವರ್ತನಾ ಚಿಕಿತ್ಸೆ, ನೆನಪನ್ನು ಹಂತಹಂತವಾಗಿ ಎದುರಿಸುವ ಚಿಕಿತ್ಸೆ, ಕಣ್ಣುಗಳನ್ನು ಎಡಬಲಕ್ಕೆ ಚಲಿಸುತ್ತಾ ನೆನಪನ್ನು ಸಂಸ್ಕರಿಸುವ ಇಎಂಡಿಆರ್, ಇವು ಫಲ ಕೊಡುತ್ತವೆಂಬುದು ಸಾಬೀತಾಗಿದೆ. ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟರಿಂದ ಹದಿನೈದು ಭೇಟಿಗಳು ಬೇಕಾಗುತ್ತವೆ. ಮೊದಲ ಎರಡು ಮೂರು ಭೇಟಿಗಳ ನಂತರ ಕನಸುಗಳು ಹೆಚ್ಚಾದಂತೆ ತೋರಬಹುದು. ಅದನ್ನು ಚಿಕಿತ್ಸಕರಿಗೆ ಹೇಳಬೇಕೇ ಹೊರತು ಹೋಗುವುದನ್ನೇ ನಿಲ್ಲಿಸಬಾರದು. ಸರ್ಟ್ರಾಲಿನ್, ಪ್ಯಾರೊಕ್ಸೆಟಿನ್‌ನಂಥ ಔಷಧಗಳನ್ನು ವೈದ್ಯರು ಕೊಟ್ಟರೆ ಅವು ಕೆಲಸ ಶುರುಮಾಡಲು ಕೆಲವು ವಾರ ಹಿಡಿಯುತ್ತದೆ, ಗುಣವಾಯಿತೆನಿಸಿದ ಕೂಡಲೇ ತಾವಾಗಿ ಬಿಡಬಾರದು. ಭಾಷೆಯ ಪ್ರಶ್ನೆಯನ್ನು ಇಲ್ಲಿ ಒತ್ತಿ ಹೇಳಬೇಕೆನ್ನಿಸುತ್ತದೆ. ಕೊಡವ, ಅರೆಭಾಷೆ, ತುಳು, ಮಲಯಾಳಂ, ಯರವ ಮಾತಾಡುವ ವ್ಯಕ್ತಿ ಅಂದಿನ ರಾತ್ರಿಯನ್ನು ಶಾಲೆಯ ಕನ್ನಡದಲ್ಲಿ ಹೇಳುವಾಗ ಘಟನೆಯ ವರದಿ ಮಾತ್ರ ಬರುತ್ತದೆ, ನೋವು ಒಳಗೇ ಉಳಿಯುತ್ತದೆ. ತನ್ನ ಮನೆಮಾತಿನಲ್ಲಿ ಹೇಳಲು ಅವಕಾಶವಿದೆಯೇ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಖರ್ಚಿನ ವಿಷಯದಲ್ಲಿ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಆರೋಗ್ಯ ವಿಮೆ ಮಾನಸಿಕ ಕಾಯಿಲೆಯನ್ನೂ ದೈಹಿಕ ಕಾಯಿಲೆಯಂತೆಯೇ ಪರಿಗಣಿಸಬೇಕು.

ಐದನೆಯ ಹೆಜ್ಜೆ: ಮಳೆಯ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು

ಭಯ ಬಲಿಯುವುದು ತಪ್ಪಿಸಿಕೊಳ್ಳುವುದರಿಂದ. ಮಳೆ ಬಂದಾಗಲೆಲ್ಲ ಕಿವಿಗೆ ಬಟ್ಟೆ ಕಟ್ಟಿ ಒಳಕೋಣೆಗೆ ಹೋದವರಿಗೆ ಆ ಹೊತ್ತು ಸಮಾಧಾನ ಸಿಗುತ್ತದೆ. ಆದರೆ ಒಳಗೆ ಹೋದದ್ದರಿಂದಲೇ ಬದುಕಿದೆ ಎಂಬ ಪಾಠವನ್ನು ದೇಹ ಕಲಿಯುತ್ತದೆ, ಮುಂದಿನ ಸಲ ತುಂತುರಿಗೇ ಎದ್ದು ಓಡುತ್ತದೆ. ಇದನ್ನು ತಿರುಗಿಸಲು ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳು ನಮಗೆ ಸಿಕ್ಕಿರುವ ಅವಕಾಶ. ಪೂರ್ಣ ಪ್ರಮಾಣದ ಕಾಯಿಲೆ ಇರುವವರು ಇದನ್ನು ಚಿಕಿತ್ಸಕರ ಜೊತೆಯಲ್ಲೇ ಮಾಡಬೇಕು. ಭಯ ಸಾಧಾರಣ ಮಟ್ಟದಲ್ಲಿರುವವರು ಮನೆಯವರೊಬ್ಬರನ್ನು ಜೊತೆಗಿಟ್ಟುಕೊಂಡು ಮಾಡಬಹುದು.

ಮೊದಲು ಒಂದು ಹಾಳೆಯಲ್ಲಿ ಹೆದರಿಸುವ ಸಂಗತಿಗಳನ್ನು ಬರೆದು ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಅಂಕ ಕೊಡಬೇಕು. ಒಬ್ಬ ಗೃಹಿಣಿಯ ಪಟ್ಟಿ ಹೀಗಿರಬಹುದು: ಮಳೆಯ ಚಿತ್ರ ನೋಡುವುದಕ್ಕೆ 20, ಮೊಬೈಲ್‌ನಲ್ಲಿ ಮಳೆಯ ಸದ್ದನ್ನು ಸಣ್ಣಗೆ ಕೇಳುವುದಕ್ಕೆ 35, ಅದನ್ನೇ ಜೋರಾಗಿ ಕೇಳುವುದಕ್ಕೆ 50, ಹಳೆಯ ಮನೆಗೆ ಹೋಗುವ ರಸ್ತೆಯ ತುದಿಯವರೆಗೆ ನಡೆಯುವುದಕ್ಕೆ 60, ರಾತ್ರಿ ದೀಪ ಆರಿಸಿ ಮಳೆಯ ಸದ್ದು ಕೇಳುವುದಕ್ಕೆ 75, ಮನೆ ಇದ್ದ ಜಾಗದಲ್ಲಿ ನಿಲ್ಲುವುದಕ್ಕೆ 95. ಶುರು ಮಾಡಬೇಕಾದದ್ದು 35ರ ಆಸುಪಾಸಿನಿಂದ. ಹಗಲಲ್ಲಿ, ಬಾಗಿಲು ತೆರೆದಿಟ್ಟು, ಆ ಸದ್ದನ್ನು ಹಾಕಿಕೊಂಡು ಕೂರಬೇಕು. ಅಂಕ ಮೊದಲು 50ಕ್ಕೂ ಏರಬಹುದು. ಎದ್ದು ಹೋಗದೆ, ಸುತ್ತ ನೋಡುತ್ತಾ, ಏನನ್ನಿಸುತ್ತಿದೆ ಎಂದು ಜೊತೆಯವರಿಗೆ ಹೇಳುತ್ತಾ ಕೂತರೆ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಅದು ಇಳಿಯತೊಡಗುತ್ತದೆ. ಅರ್ಧಕ್ಕೆ ಇಳಿದ ಮೇಲೆಯೇ ನಿಲ್ಲಿಸಬೇಕು, ಏರಿದ ಹೊತ್ತಿನಲ್ಲಿ ನಿಲ್ಲಿಸಿದರೆ ಭಯಕ್ಕೇ ಗೆಲುವು. ಅದೇ ಮೆಟ್ಟಿಲನ್ನು ದಿನ ಬಿಟ್ಟು ದಿನ ಮಾಡಿ, ಬೇಸರ ಬರುವಷ್ಟು ಸಪ್ಪೆಯಾದ ಮೇಲೆ ಮುಂದಿನದಕ್ಕೆ ಹೋಗಬೇಕು. ಕೆಲವು ಮೆಟ್ಟಿಲುಗಳಿಗೆ ಎರಡು ದಿನ ಸಾಕು, ಕೆಲವಕ್ಕೆ ಮೂರು ವಾರವಾದರೂ ಬೇಕು. ಜೊತೆಗಿರುವವರು ಹುರಿದುಂಬಿಸುವುದಾಗಲಿ ಅವಸರಪಡಿಸುವುದಾಗಲಿ ಬೇಡ, ಕೂತಿದ್ದರೆ ಸಾಕು.

ಆದರೆ ಘಟ್ಟದಲ್ಲಿ ಮಳೆಯ ಭಯ ಪೂರ್ತಿ ಸುಳ್ಳಲ್ಲ. ನಿಜವಾದ ಅಪಾಯವಿರುವ ಇಳಿಜಾರಿನಲ್ಲಿ, ಭಾರಿ ಮಳೆಯ ನಡುವೆ ಈ ಅಭ್ಯಾಸ ಮಾಡಲೇಬಾರದು. ಗುರಿ ಎಚ್ಚರವನ್ನು ಅಳಿಸುವುದಲ್ಲ, ಆ ಎಚ್ಚರದ ಕೆಲಸವನ್ನು ಎದೆಬಡಿತದಿಂದ ತೆಗೆದು ಹೊರಗಿನ ಸೂಚನೆಗಳಿಗೆ ಒಪ್ಪಿಸುವುದು. ಹವಾಮಾನ ಇಲಾಖೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಕೊಡುತ್ತದೆ. 24 ಗಂಟೆಗಳಲ್ಲಿ 204.4 ಮಿಲಿಮೀಟರ್ ದಾಟಿದ ಮಳೆಯನ್ನು ಅತ್ಯಂತ ಭಾರಿ ಎಂದು ಕರೆಯುತ್ತದೆ. ಕಿತ್ತಳೆ ಬಂದರೆ ಕಾಗದಪತ್ರಗಳ ಚೀಲ ಬಾಗಿಲಿಗೆ ಬರುತ್ತದೆ, ಕೆಂಪು ಬಂದರೆ ಕತ್ತಲಾಗುವ ಮುನ್ನ ನೆಂಟರ ಮನೆಗೋ ಪರಿಹಾರ ಕೇಂದ್ರಕ್ಕೋ ಹೊರಡುತ್ತೇವೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ಮರ ವಾಲಿದರೆ ಅಥವಾ ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಗಾದರೆ ಯಾವ ಬಣ್ಣವನ್ನೂ ಕಾಯದೆ ಹೊರಡುತ್ತೇವೆ, ಇವು ಯಾವುವೂ ಇಲ್ಲದಿದ್ದರೆ ಉಂಡು ಮಲಗುತ್ತೇವೆ ಎಂದು ಮನೆಯವರೆಲ್ಲ ಕೂತು ತೀರ್ಮಾನಿಸಿ, ಗೋಡೆಗೆ ಅಂಟಿಸಬೇಕು. ಹೀಗೊಂದು ನಿಯಮವಿದ್ದ ಮನೆಯಲ್ಲಿ ರಾತ್ರಿಯೆಲ್ಲ ಕಾವಲು ಕೂರುವ ಅಜ್ಜನಿಗೂ ಮಲಗಲು ಒಂದು ಕಾರಣ ಸಿಗುತ್ತದೆ.

ಆರನೆಯ ಹೆಜ್ಜೆ: ಸಾವು, ಸಿಗದ ದೇಹ, ತಪ್ಪಿತಸ್ಥ ಭಾವ

ಮಣ್ಣಿನಡಿ ಹೋದವರ ದೇಹ ಸಿಗದಿದ್ದಾಗ ದುಃಖಕ್ಕೆ ನಿಲ್ಲಲು ನೆಲೆಯೇ ಇರುವುದಿಲ್ಲ. ಶಿರೂರಿನಲ್ಲಿ ಗಂಗಾವಳಿ ನದಿಯ ತಳದಿಂದ ಲಾರಿಯೊಂದನ್ನೂ ಅದರ ಚಾಲಕನ ದೇಹವನ್ನೂ ಹೊರತೆಗೆಯಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಅಷ್ಟು ಕಾಲ ಒಂದು ಮನೆ ಕಾದು ಕೂತಿತ್ತು. ಇಂಥ ಮನೆಯವರಿಗೆ 'ಇನ್ನು ಬರುವುದಿಲ್ಲ, ಕಾರ್ಯ ಮಾಡಿಬಿಡಿ' ಎಂದು ಒತ್ತಾಯಿಸುವುದೂ, 'ಎಲ್ಲೋ ಇರಬಹುದು' ಎಂದು ಆಸೆ ತುಂಬುವುದೂ ಎರಡೂ ಅನ್ಯಾಯ. ಕಾಯುವುದು ಮತ್ತು ಅಳುವುದು ಒಟ್ಟಿಗೇ ನಡೆಯಬಹುದೆಂದು ಒಪ್ಪಿಕೊಂಡರೆ ಸಾಕು. ದೇಹವಿಲ್ಲದೆ ಕರ್ಮ ಮಾಡುವ ವಿಧಾನ ನಮ್ಮ ಅನೇಕ ಸಮುದಾಯಗಳಲ್ಲಿದೆ, ಅದರ ದಿನವನ್ನು ಮನೆಯವರೇ ಗೊತ್ತುಮಾಡಲಿ. ಕಾನೂನಿನ ಸಾಮಾನ್ಯ ನಿಯಮದಂತೆ ಕಾಣೆಯಾದವರನ್ನು ಮೃತರೆಂದು ಭಾವಿಸಲು 7 ವರ್ಷ ಬೇಕು. ವಿಪತ್ತುಗಳಲ್ಲಿ ಸರ್ಕಾರ ವಿಚಾರಣೆ ನಡೆಸಿ ಅದಕ್ಕೂ ಮೊದಲೇ ಮರಣ ಪ್ರಮಾಣಪತ್ರ ನೀಡಿದ ಉದಾಹರಣೆಗಳಿರುವುದರಿಂದ ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಬದುಕುಳಿದವರನ್ನು ಕಾಡುವ ಇನ್ನೊಂದು ಸಂಗತಿ 'ನಾನು ಕೈ ಬಿಡಬಾರದಿತ್ತು' ಎಂಬುದು. ನಿನ್ನ ತಪ್ಪಿಲ್ಲ ಎಂದು ನೂರು ಸಲ ಹೇಳಿದರೂ ಅದು ಹೋಗುವುದಿಲ್ಲ. ಆ ಕ್ಷಣದಲ್ಲಿ ಏನು ಕಾಣುತ್ತಿತ್ತು, ಎಷ್ಟು ಸೆಕೆಂಡ್ ಇತ್ತು, ಬೇರೇನು ಮಾಡಲು ಸಾಧ್ಯವಿತ್ತು ಎಂಬುದನ್ನು ಚಿಕಿತ್ಸಕರೊಡನೆ ನಿಧಾನವಾಗಿ ಬಿಡಿಸಿ ನೋಡಿದಾಗ, ಇಂದಿನ ತಿಳಿವಳಿಕೆಯಿಂದ ಅಂದಿನ ತನ್ನನ್ನು ಶಿಕ್ಷಿಸುತ್ತಿದ್ದೇನೆಂಬುದು ಅವರಿಗೇ ಹೊಳೆಯುತ್ತದೆ.

ಮಕ್ಕಳ ವಿಷಯ

ಐದಾರು ವರ್ಷದೊಳಗಿನ ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡುತ್ತಾರೆ, ಸೆರಗು ಬಿಡುವುದಿಲ್ಲ, ಮಣ್ಣಿನ ಗುಡ್ಡ ಕಟ್ಟಿ ಅದರ ಮೇಲೆ ನೀರು ಸುರಿದು ಆಟದ ಮನೆಯನ್ನು ಮುಳುಗಿಸುತ್ತಾರೆ. ಈ ಆಟಕ್ಕೆ ಬೈಯಬಾರದು. ಪಕ್ಕದಲ್ಲಿ ಕೂತು 'ಈಗ ಯಾರು ಬಂದು ಅವರನ್ನು ಎತ್ತುತ್ತಾರೆ' ಎಂದು ಕೇಳಿದರೆ ಮಗುವೇ ಜೆಸಿಬಿಯನ್ನೋ ಸೈನಿಕರನ್ನೋ ಆಟದೊಳಗೆ ತರುತ್ತದೆ. ಅದೇ ಆಟ ವಾರಗಟ್ಟಲೆ ಒಂದಿಷ್ಟೂ ಬದಲಾಗದೆ, ಸಂತೋಷವಿಲ್ಲದೆ ನಡೆದರೆ ವೈದ್ಯರಿಗೆ ತೋರಿಸಬೇಕು. ಸತ್ತವರನ್ನು 'ಊರಿಗೆ ಹೋಗಿದ್ದಾರೆ' ಎನ್ನಬಾರದು, ಮಗು ಬಸ್ಸಿನ ಸದ್ದಿಗೆಲ್ಲ ಬಾಗಿಲಿಗೆ ಓಡುತ್ತದೆ. ಸತ್ತಿದ್ದಾರೆ, ಅವರ ದೇಹ ಇನ್ನು ಕೆಲಸ ಮಾಡುವುದಿಲ್ಲ, ವಾಪಸ್ಸು ಬರುವುದಿಲ್ಲ, ನಿನ್ನನ್ನು ನಾನು ನೋಡಿಕೊಳ್ಳುತ್ತೇನೆ ಎಂಬ ನಾಲ್ಕು ಮಾತು ಸಾಕು. ಶಾಲೆ ಬೇಗ ತೆರೆಯುವುದು ಮಕ್ಕಳಿಗೆ ದೊಡ್ಡ ಔಷಧ, ಅದು ಗುಡಾರದಲ್ಲಿ ನಡೆಯುವ ಶಾಲೆಯಾದರೂ ಸರಿ. ಆಶ್ರಯವಿಲ್ಲದ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಏಳನೆಯ ಹೆಜ್ಜೆ: ಮನೆ, ದಾಖಲೆ, ದುಡಿಮೆ

ಪುನರ್ವಸತಿಯನ್ನು ಕಂದಾಯ ಇಲಾಖೆಯ ಕೆಲಸವೆಂದೂ ಮನಸ್ಸನ್ನು ಆರೋಗ್ಯ ಇಲಾಖೆಯ ಕೆಲಸವೆಂದೂ ಬೇರ್ಪಡಿಸುವುದು ನಮ್ಮಲ್ಲಿ ರೂಢಿಯಾಗಿದೆ. ಪರಿಹಾರದ ಅರ್ಜಿ ಹಿಡಿದು ಆರು ಸಲ ಅಲೆದವರ ರಕ್ತದೊತ್ತಡ ನೋಡಿದರೆ ಎರಡೂ ಒಂದೇ ಎಂದು ತಿಳಿಯುತ್ತದೆ. ಮನೆಯಲ್ಲಿ ಕಾಗದ ಓದಿ ಬರೆಯಬಲ್ಲ, ಆಘಾತ ಕಡಿಮೆ ಆಗಿರುವ ಒಬ್ಬರನ್ನು ಈ ಕೆಲಸಕ್ಕೆ ಗೊತ್ತುಮಾಡಿ. ಪಡಿತರ ಚೀಟಿ, ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಹಾನಿಯ ಫೋಟೊಗಳು, ಕೊಟ್ಟ ಪ್ರತಿ ಅರ್ಜಿಯ ಸ್ವೀಕೃತಿ ಒಂದೇ ಕಡತದಲ್ಲಿರಲಿ. ಎಸ್ಟೇಟಿನ ಲೈನ್‌ಮನೆಗಳಲ್ಲಿದ್ದ ಕೂಲಿ ಕಾರ್ಮಿಕರ ಹೆಸರಲ್ಲಿ ಪಹಣಿಯಾಗಲಿ ಮನೆಯಾಗಲಿ ಇರುವುದಿಲ್ಲ, ಆದ್ದರಿಂದ ಅವರ ನಷ್ಟ ಪಟ್ಟಿಯಿಂದ ಜಾರಿಬಿಡುತ್ತದೆ. ಅಂಥವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವಿದೆ.

ಹೊಸ ಬಡಾವಣೆಯ ಮನೆ ಗಟ್ಟಿಯಾಗಿದ್ದರೂ ಅದು ಊರಾಗಲು ಸಮಯ ಬೇಕು. ಕೊಡವರ ಐನ್‌ಮನೆ (ಕುಲದ ಮೂಲಮನೆ) ಮತ್ತು ಕೈಮಡ (ಕುಲದ ಹಿರಿಯರ ಗುಡಿ), ಗೌಡರ ಮನೆದೈವದ ಜಾಗ, ಪೀಳಿಗೆಗಳು ದುಡಿದ ಗದ್ದೆ ಮಣ್ಣಾದಾಗ ಹಿರಿಯರು ಕಳೆದುಕೊಳ್ಳುವುದು ಆಸ್ತಿಗಿಂತ ಹೆಚ್ಚಿನದನ್ನು. ಇಂಥವರನ್ನು ಕೈಲ್ ಪೊಳ್ದ್, ಪುತ್ತರಿ, ಊರ ಹಬ್ಬಗಳಿಗೆ ಕರೆದುಕೊಂಡು ಹೋಗುವುದು, ಹಳೆಯ ನೆರೆಹೊರೆಯವರನ್ನು ಸಾಧ್ಯವಾದಷ್ಟು ಒಂದೇ ಸಾಲಿನ ಮನೆಗಳಲ್ಲಿ ಇರಿಸುವುದು, ಹಿತ್ತಲಲ್ಲಿ ನಾಲ್ಕು ಗಿಡ ನೆಡಲು ಜಾಗ ಬಿಡುವುದು ಚಿಕಿತ್ಸೆಯ ಭಾಗವೇ. ದುಡಿಮೆಗೆ ಮರಳುವಾಗ ಮೊದಲು ಅರ್ಧ ದಿನದ ಕೆಲಸ, ಜೊತೆಗೊಬ್ಬರು ಇರುವ ಕೆಲಸವನ್ನು ಆರಿಸಿಕೊಳ್ಳಬೇಕು. ಮಣ್ಣು ಅಗೆಯುವ ಕೆಲಸ ಎಲ್ಲರಿಗೂ ಕೂಡಲೇ ಆಗದು. ಶವಗಳನ್ನು ಎತ್ತಿದ ಯುವಕರು, ಗೃಹರಕ್ಷಕರು, ಅಗ್ನಿಶಾಮಕ ಸಿಬ್ಬಂದಿ ಮತ್ತು ವರದಿಗಾರರಿಗೂ ಮೇಲಿನ ಮೂರನೆಯ ಹೆಜ್ಜೆಯ ಪ್ರಶ್ನೆಗಳನ್ನು ಕೇಳಬೇಕು. ಅವರನ್ನು ಸನ್ಮಾನಿಸುತ್ತೇವೆ, ನಿದ್ದೆ ಬರುತ್ತಿದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಎಂಟನೆಯ ಹೆಜ್ಜೆ: ಮುಂದಿನ ಜೂನ್‌ಗೆ ತಯಾರಿ

ಚೆನ್ನಾಗಿ ಚೇತರಿಸಿಕೊಂಡವರಲ್ಲೂ ಮೊದಲ ಮಳೆಗೆ ಮತ್ತು ಘಟನೆಗೆ ವರ್ಷ ತುಂಬುವ ದಿನಕ್ಕೆ ಹಳೆಯ ಲಕ್ಷಣಗಳು ತಲೆಯೆತ್ತುತ್ತವೆ. ಇದು ಕೆಲವು ದಿನ ಇದ್ದು ಇಳಿದರೆ ಚಿಕಿತ್ಸೆ ವ್ಯರ್ಥವಾಯಿತೆಂದು ತಿಳಿಯಬಾರದು. ಮೇ ತಿಂಗಳಲ್ಲೇ ಚಿಕಿತ್ಸಕರನ್ನು ಒಮ್ಮೆ ಕಂಡು, ಮಾತ್ರೆ ತೆಗೆದುಕೊಳ್ಳುತ್ತಿರುವವರು ರಸ್ತೆ ಬಂದ್ ಆದರೂ ಸಾಲುವಷ್ಟು ಮಾತ್ರೆ ತಂದಿಟ್ಟುಕೊಳ್ಳಬೇಕು. ವರ್ಷ ತುಂಬುವ ಆ ದಿನವನ್ನು ಒಂಟಿಯಾಗಿ ಕಳೆಯದಂತೆ ಯಾರ ಮನೆಯಲ್ಲಿ ಸೇರುವುದು, ದೀಪ ಹಚ್ಚುವುದೋ ಊಟ ಹಾಕಿಸುವುದೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು. ಗೋಡೆಯ ಮೇಲಿನ ನಿಯಮಗಳ ಹಾಳೆಯನ್ನು ಹೊಸದಾಗಿ ಬರೆದು, ಹೊರಡುವ ದಾರಿಯನ್ನು ಒಣ ಹಗಲಲ್ಲಿ ಮಕ್ಕಳ ಸಮೇತ ಒಂದು ಸಲ ನಡೆದು ನೋಡಬೇಕು. ಲಕ್ಷಣಗಳು ಎರಡು ಮೂರು ವಾರ ಮೀರಿ ನಿಂತರೆ ಅಥವಾ ಮತ್ತೆ ಕುಡಿತ ಶುರುವಾದರೆ ಅದೇ ಚಿಕಿತ್ಸಕರ ಬಳಿ ಮರಳಿ ಹೋಗಬೇಕು. ಈಗಾಗಲೇ ಕಲಿತದ್ದಿರುವುದರಿಂದ ಎರಡನೆಯ ಸುತ್ತಿಗೆ ಸಾಮಾನ್ಯವಾಗಿ ಕಡಿಮೆ ಭೇಟಿಗಳು ಸಾಕಾಗುತ್ತವೆ. ವೈದ್ಯರ ಚೀಟಿಯ ಜೆರಾಕ್ಸ್ ಪ್ರತಿ ಮತ್ತು 14416 ಎಂದು ದೊಡ್ಡದಾಗಿ ಬರೆದ ಕಾಗದ, ಪಹಣಿ ಆಧಾರ್‌ಗಳ ಜೊತೆಗೆ ಬಾಗಿಲ ಬಳಿಯ ಆ ಚೀಲದಲ್ಲೇ ಇರಲಿ.